ಬಿಳಿಯ ಬಯಲಿನಿಂದ ಬಿಳಿಯ ಬೆಟ್ಟಕ್ಕೆ

ವೈಟ್‌ಫೀಲ್ಡ್ ಎಂಬ ಹೆಸರನ್ನು ಕನ್ನಡಿಸಿದರೆ ‘ಬಿಳಿಯ ಬಯಲು’ ಎಂದಾಗುತ್ತದೆ. ನಮ್ಮ ಕಾಲೇಜಿಗೆ ಹೊಸದಾಗಿ ಸೇರಿದ ಹುಡುಗರನ್ನು ನಾನು ಪ್ರತಿ ವರ್ಷವೂ ಈ ಹೆಸರು ಬಂದ ಬಗೆ ಹೇಗೆಂದು ಕೇಳುವುದುಂಟು. ಹಿಂದೆ ಇಲ್ಲಿ ಹತ್ತಿ ಬೆಳೆಯುತ್ತಿದ್ದಿರಬೇಕೆಂದು ಒಬ್ಬ ಹೇಳುತ್ತಾನೆ. ಚಳಿಗಾಲದ ಬೆಳಗಿನಲ್ಲಿ ಮಂಜು ಕವಿದು ಬಯಲೆಲ್ಲ ಬೆಳ್ಳಗೆ ಕಾಣುತ್ತಿದ್ದಿರಬೇಕೆಂದು ಇನ್ನೊಬ್ಬ ಊಹಿಸುತ್ತಾನೆ. ಎರಡೂ ಸುಂದರವಾದ ಊಹೆಗಳೇ. ಆದರೆ ನಿಜ ಬೇರೆ. ಡಿ. ಎಸ್. ವೈಟ್ ಎಂಬ ಆಂಗ್ಲೋ-ಇಂಡಿಯನ್ ಮುಖಂಡರ ಹೆಸರು ಈ ಊರಿಗೆ ಬಂತು. 1882ರಲ್ಲಿ ಮೈಸೂರಿನ ಚಾಮರಾಜೇಂದ್ರ ಒಡೆಯರು ಆ ಸಮುದಾಯದವರಿಗಾಗಿ ಇಲ್ಲಿ ಸುಮಾರು 3,900 ಎಕರೆ ಭೂಮಿಯನ್ನು ದಯಪಾಲಿಸಿದರು. ಇಲ್ಲಿ ಬೆಳ್ಳಗಿದ್ದುದು ಬಯಲಲ್ಲ, ಒಬ್ಬ ಮನುಷ್ಯನ ಹೆಸರು!

ಹಿಮವೆಂಬುದು ಈ ಬಯಲಿಗೆ ಎಂದೂ ಬಂದದ್ದಲ್ಲ. ಬೆಂಗಳೂರಿನ ದಾಖಲೆಯಲ್ಲಿ ಅತ್ಯಂತ ಚಳಿಯ ದಿನವೆಂದರೆ 1884ರ ಜನವರಿಯಲ್ಲಿ ಬಂದದ್ದು. ಅಂದು ಉಷ್ಣಮಾನ 7.8 ಡಿಗ್ರಿಗೆ ಇಳಿದಿತ್ತು. ನೀರು ಹೆಪ್ಪುಗಟ್ಟಲು ಅದೂ ಸಾಲದು. ಆದರೂ ಡಿಸೆಂಬರ್ ಬಂತೆಂದರೆ ಇಲ್ಲಿನ ಸಾಫ್ಟ್‌ವೇರ್ ಕಚೇರಿಗಳ ತರುಣರ ಬಾಯಲ್ಲಿ ಹಿಮದ್ದೇ ಮಾತು. ನಾಲ್ಕು ದಿನದ ರಜೆಗೆ ಎರಡು ಶನಿವಾರ, ಎರಡು ಭಾನುವಾರಗಳನ್ನು ಸೇರಿಸಿಕೊಂಡು ವಿಮಾನವೇರುತ್ತಾರೆ. ಡೆಹ್ರಾಡೂನಿನಲ್ಲಿಳಿದು ಹಿಮದ ಬೆಟ್ಟಗಳನ್ನು ಹತ್ತಿ ಬರುತ್ತಾರೆ. ಕಳೆದ ಚಳಿಗಾಲದಲ್ಲಿ ಅಂಥ ಒಂದು ತಂಡದೊಡನೆ ನಾನೂ ಹೋಗಿಬಂದೆ. ಶಿಖರವನ್ನು ಮುಟ್ಟದೆ ಹಿಂದಿರುಗಿದ ಆ ಪ್ರಯಾಣದ ಕಥೆಯನ್ನು ಹೇಳಬೇಕೆಂದು ಇದನ್ನು ಬರೆಯುತ್ತಿದ್ದೇನೆ.

ಒಬ್ಬ ತಾಯಿಯ ಮಾತು

ನನ್ನನ್ನು ಎಳೆದುಕೊಂಡು ಹೋದವನು ನನ್ನ ಹಳೆಯ ವಿದ್ಯಾರ್ಥಿ. ಕನ್ನಡ ತರಗತಿಯ ಕೊನೆಯ ಬೆಂಚಿನಲ್ಲಿ ಕುಳಿತು ಕಿಟಕಿಯ ಹೊರಗೆ ನೋಡುತ್ತಿದ್ದ ಹುಡುಗ ಈಗ ಕಂಪೆನಿಯೊಂದರಲ್ಲಿ ನನ್ನ ಮೂರರಷ್ಟು ಸಂಬಳ ಪಡೆಯುತ್ತಾನೆ. ಆದರೂ ದಾರಿಯಲ್ಲಿ ಕಂಡರೆ ನಿಂತು ಮಾತನಾಡಿಸುವ ಸೌಜನ್ಯವನ್ನು ಉಳಿಸಿಕೊಂಡಿದ್ದಾನೆ. ಉತ್ತರಾಖಂಡದ ಕೇದಾರಕಂಠವೆಂಬ ಬೆಟ್ಟಕ್ಕೆ ಗೆಳೆಯರು ನಾಲ್ವರು ಹೊರಟಿದ್ದೇವೆ, ನೀವೂ ಬನ್ನಿ ಸಾರ್ ಎಂದು ಆತ ಕರೆದ. ಹಿಮಾಲಯವನ್ನು ಕಾವ್ಯಗಳಲ್ಲಲ್ಲದೆ ಬೇರೆಲ್ಲೂ ಕಾಣದ ನಾನು ಒಪ್ಪಿಕೊಂಡೆ.

ಹೊರಡುವುದಕ್ಕೆ ಎರಡು ದಿನ ಮುಂಚೆ ಅವನ ತಾಯಿ ನಮ್ಮ ಮನೆಗೆ ಬಂದರು. ಕಾಫಿ ಕುಡಿದು, ನನ್ನ ಪತ್ನಿಯೊಡನೆ ಅದೂ ಇದೂ ಮಾತನಾಡಿ, ಏಳುವ ಹೊತ್ತಿಗೆ ಬಾಗಿಲ ಬಳಿ ನಿಂತು, “ಪತ್ರಿಕೆಯಲ್ಲಿ ಏನೇನೋ ಓದುತ್ತೇವೆ. ಅವನು ನನ್ನ ಮಾತು ಕೇಳುವುದಿಲ್ಲ. ನಿಮ್ಮ ಮಾತು ಕೇಳಿಯಾನು,” ಎಂದರು. ಅಷ್ಟೇ. ಹೋಗಬೇಡಿರೆಂದು ಅವರು ಹೇಳಲಿಲ್ಲ.

ಪತ್ರಿಕೆಯಲ್ಲಿ ಅವರು ಓದಿದ್ದೇನೆಂಬುದು ನನಗೂ ಗೊತ್ತಿತ್ತು. 2024ರ ಜೂನ್ ಮೊದಲ ವಾರ, ಅದೇ ಉತ್ತರಕಾಶಿ ಜಿಲ್ಲೆಯ ಸಹಸ್ರತಾಲದಿಂದ ಹಿಂದಿರುಗುತ್ತಿದ್ದ 22 ಮಂದಿ ಚಾರಣಿಗರ ತಂಡ ಹಿಮಗಾಳಿಗೆ ಸಿಕ್ಕಿತು. ತಂಡದಲ್ಲಿ ಬಹುಪಾಲು ಬೆಂಗಳೂರಿನವರೇ. ಒಂಬತ್ತು ಮಂದಿ ಚಳಿಯಲ್ಲಿ ಪ್ರಾಣ ಬಿಟ್ಟರು. 2022ರ ಅಕ್ಟೋಬರ್ 4ರಂದು ಅದೇ ಜಿಲ್ಲೆಯ ದ್ರೌಪದಿ ಕಾ ಡಾಂಡಾ ಶಿಖರದಲ್ಲಿ ಪರ್ವತಾರೋಹಣದ ತರಬೇತಿ ಪಡೆಯುತ್ತಿದ್ದವರ ಮೇಲೆ ಹಿಮ ಜಾರಿತು. ಅದೇ ವರ್ಷ ಎವರೆಸ್ಟ್ ಶಿಖರವನ್ನು ಹತ್ತಿಬಂದಿದ್ದ ತರಬೇತುದಾರ್ತಿ ಸವಿತಾ ಕನ್ಸ್ವಾಲ್ ಅವರೂ ಅಂದು ಉಳಿಯಲಿಲ್ಲ.

ಅವೆಲ್ಲಕ್ಕಿಂತ ಹಿಂದಿನದಾದರೂ ಕನ್ನಡಿಗರು ಮರೆಯಲಾರದ ಇನ್ನೊಂದು ಘಟನೆಯುಂಟು. 2016ರ ಫೆಬ್ರವರಿ 3ರಂದು ಸಿಯಾಚಿನ್ ಹಿಮನದಿಯ ಸುಮಾರು 19,600 ಅಡಿ ಎತ್ತರದ ಕಾವಲುಠಾಣೆಯ ಮೇಲೆ ಹಿಮದ ಗೋಡೆ ಕುಸಿದು ಮದ್ರಾಸ್ ರೆಜಿಮೆಂಟಿನ ಹತ್ತು ಯೋಧರು ಹೂತುಹೋದರು. ಅವರಲ್ಲಿ ಧಾರವಾಡ ಜಿಲ್ಲೆ ಕುಂದಗೋಳ ತಾಲ್ಲೂಕಿನ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದರೂ ಒಬ್ಬರು. ಸವಾಯಿ ಗಂಧರ್ವರ ಸಂಗೀತದಿಂದ ಹೆಸರಾದ ಸೀಮೆ ಅದು, ಎರೆಮಣ್ಣಿನ ಸೀಮೆ, ಹಿಮವೆಂಬುದನ್ನು ಕನಸಿನಲ್ಲಿಯೂ ಕಾಣದ ನಾಡು. ಆರು ದಿನಗಳ ಮೇಲೆ, ಸುಮಾರು 25 ಅಡಿ ಆಳದ ಹಿಮವನ್ನು ಕತ್ತರಿಸಿ ತೆಗೆದಾಗ ಹನುಮಂತಪ್ಪನವರಲ್ಲಿ ಉಸಿರಿತ್ತು! ನಾಡಿಗೆ ನಾಡೇ ದೇವರಿಗೆ ಹರಕೆ ಹೊತ್ತಿತು. ಫೆಬ್ರವರಿ 11ರಂದು ದೆಹಲಿಯ ಸೈನಿಕ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು.

ಅವರು ಆ ಎತ್ತರಕ್ಕೆ ಹೋದದ್ದು ಕರ್ತವ್ಯದ ಕರೆಗೆ. ನಾವು ಹೊರಟದ್ದು ಸಂತೋಷಕ್ಕೆ. ಹಿಮಕ್ಕೆ ಈ ಭೇದ ತಿಳಿಯದು. ಆದರೆ ನಮಗೆ ತಿಳಿಯಬೇಕು: ಯೋಧನಿಗೆ ಹಿಂದಿರುಗುವ ಸ್ವಾತಂತ್ರ್ಯವಿಲ್ಲ, ನಮಗೆ ಆ ಸ್ವಾತಂತ್ರ್ಯವುಂಟು.

ಮಾತಿನ ಬಡತನ

ಮೇಷ್ಟರ ಚಪಲದಿಂದ ಇಲ್ಲಿ ಭಾಷೆಯ ವಿಷಯ ಒಂದು ಮಾತು ಹೇಳಬೇಕಾಗಿದೆ. ಮಳೆಗೆ ನಮ್ಮಲ್ಲಿ ಎಷ್ಟು ಮಾತುಗಳಿವೆ! ತುಂತುರು, ಜಡಿ, ಸೋನೆ, ಬಿರುಮಳೆ. ಹಿಮದ ವಿಷಯದಲ್ಲಿ ಮಾತ್ರ ನಾವು ಬಡವರು. ಬೆಳಗಿನ ಮುಸುಕೂ ಮಂಜೇ, ಹಿಮಾಲಯದ ಹಿಮವೂ ಮಂಜೇ. ಗುಂಡ್ಲುಪೇಟೆಯ ಗೋಪಾಲಸ್ವಾಮಿ ಬೆಟ್ಟಕ್ಕೆ ‘ಹಿಮವದ್’ ಎಂಬ ವಿಶೇಷಣ ಸೇರಿದ್ದು ಬರಿಯ ಮುಸುಕು ಮಂಜಿನಿಂದ. ಇದಕ್ಕಿಂತ ದೊಡ್ಡ ತೊಡಕೆಂದರೆ, ಆಕಾಶದಿಂದ ಹಿಮ ಉದುರಿದರೂ ಪತ್ರಿಕೆಗಳಲ್ಲಿ ‘ಹಿಮಪಾತ’, ಬೆಟ್ಟದ ಓರೆಯಿಂದ ಹಿಮದ ರಾಶಿ ಜಾರಿ ಬಂದು ಜನರನ್ನು ಹೂತರೂ ‘ಹಿಮಪಾತ’! ಮೊದಲನೆಯದನ್ನು ನೋಡಲು ಜನ ಹಣ ಕೊಟ್ಟು ಹೋಗುತ್ತಾರೆ. ಎರಡನೆಯದು ಜನರನ್ನು ಕೊಲ್ಲುತ್ತದೆ. ಮೊದಲನೆಯದಕ್ಕೆ ಹಿಮಪಾತವೆಂಬ ಹೆಸರಿರಲಿ. ಎರಡನೆಯದನ್ನು ನಾನು ಹಿಮಕುಸಿತವೆಂದು ಕರೆಯುತ್ತೇನೆ.

ಹಿಮಕುಸಿತವೆಂದರೆ ಕಡಿದಾದ ಗೋಡೆಯಂಥ ಬೆಟ್ಟದಿಂದ ಬೀಳುವುದೆಂದು ನಾನು ತಿಳಿದಿದ್ದೆ. ಓದಿ ನೋಡಿದಾಗ ತಿಳಿದದ್ದು ಬೇರೆ. ತೀರ ಕಡಿದಾದ ಕಡೆ ಹಿಮ ನಿಲ್ಲುವುದೇ ಇಲ್ಲ, ಬಿದ್ದ ಹಾಗೆಯೇ ಉದುರಿಹೋಗುತ್ತದೆ. ತೀರ ಸಪಾಟಾದ ಕಡೆ ಜಾರುವುದಿಲ್ಲ. ಅಪಾಯವಿರುವುದು ನಡುವೆ, 30ರಿಂದ 45 ಡಿಗ್ರಿಗಳವರೆಗಿನ ಓರೆಯಲ್ಲಿ. ಇದೆಷ್ಟೆಂದು ತಿಳಿಯಲು ಮಗನ ಕೋನಮಾಪಕಕ್ಕೆ ದಾರ ಕಟ್ಟಿ ನಮ್ಮ ವಠಾರದ ಮೆಟ್ಟಿಲುಸಾಲನ್ನು ಅಳೆದೆ. ಏಳು ಅಂಗುಲ ಎತ್ತರ, ಹತ್ತು ಅಂಗುಲ ಅಗಲದ ಮೆಟ್ಟಿಲು. 35 ಡಿಗ್ರಿ ಬಂತು. ಹಾಲಿನ ಪೊಟ್ಟಣ ಹಿಡಿದು ನಿತ್ಯವೂ ಹತ್ತಿಳಿಯುವ ಮೆಟ್ಟಿಲಿನ ಓರೆಯೇ ಹಿಮಕುಸಿತದ ಓರೆ! ಹುಡುಗನನ್ನು ಕರೆದು ತೋರಿಸಿದೆ. ಆತ ನಕ್ಕು, “ನನ್ನ ಫೋನಿನಲ್ಲಿಯೇ ಅಳೆಯಬಹುದು ಸಾರ್,” ಎಂದ.

ಮೊರದ ಮೇಲಿನ ಹಪ್ಪಳ

ಡೆಹ್ರಾಡೂನಿನಿಂದ ಮಸ್ಸೂರಿ, ಪುರೋಲಾ, ಮೋರಿಗಳನ್ನು ದಾಟಿ ಸಾಂಕ್ರಿ ಎಂಬ ಹಳ್ಳಿಯನ್ನು ಸೇರುವ ಹೊತ್ತಿಗೆ ಸಂಜೆಯಾಗಿತ್ತು. ಮರದ ಮನೆಗಳ ಪುಟ್ಟ ಊರು. ಆ ಕಣಿವೆಯ ಸೌರ್ ಎಂಬ ಹಳ್ಳಿಯಲ್ಲಿ ದುರ್ಯೋಧನನ ಗುಡಿಯುಂಟೆಂದು ಹೇಳುತ್ತಾರೆ. ರನ್ನನ ‘ಗದಾಯುದ್ಧ’ವನ್ನು ವರ್ಷವರ್ಷವೂ ಪಾಠ ಹೇಳುವ ನನಗೆ, ಛಲದಂಕಮಲ್ಲನಿಗೆ ಕೈಮುಗಿಯುವ ಜನರೂ ಈ ದೇಶದಲ್ಲುಂಟೆಂದು ಕೇಳಿ ರೋಮಾಂಚನವಾಯಿತು. ಆ ಕಣಿವೆಯ ಮೇಲುಗಡೆಯ ಶಿಖರವೇ ಸ್ವರ್ಗಾರೋಹಿಣಿ. ಪಾಂಡವರು ಕೊನೆಯ ಪ್ರಯಾಣವನ್ನು ಅತ್ತ ಕೈಗೊಂಡರೆಂದು ಪ್ರತೀತಿ. ಕೌರವನಿಗೆ ಕೆಳಗೆ ಗುಡಿ, ಪಾಂಡವರಿಗೆ ಮೇಲೆ ಹಿಮ!

ಮೊದಲೆರಡು ದಿನ ದೇವದಾರುಗಳ ನಡುವೆ ಸುಖವಾದ ನಡಿಗೆ. ಹಿಮ ಕಾಲುಗಂಟಿನವರೆಗೆ ಮಾತ್ರ. ಹಗಲು ತಿಳಿಯಾದ ಬಿಸಿಲು, ರಾತ್ರಿ ಮೂಳೆ ಕೊರೆಯುವ ಚಳಿ. ಹಿಮ ಕಡಮೆಯಿದ್ದಷ್ಟೂ ಅಪಾಯ ಕಡಮೆಯಲ್ಲವೇ ಎಂದು ನಮ್ಮ ಮಾರ್ಗದರ್ಶಿಯನ್ನು ಕೇಳಿದೆ. ಆತ ಅದೇ ಕಣಿವೆಯ ಮನುಷ್ಯ, ಮಿತಭಾಷಿ. ಇಲ್ಲವೆಂದು ತಲೆಯಾಡಿಸಿ ಬೂಟಿನಿಂದ ಹಿಮವನ್ನು ಕೆದಕಿ ತಳದ ಒಂದು ಹಿಡಿಯನ್ನು ನನ್ನ ಕೈಗೆ ಹಾಕಿದ. ಅದು ಸಕ್ಕರೆಯ ಹರಳಿನಂತೆ ಉದುರುದುರಾಗಿತ್ತು. ಉಂಡೆ ಕಟ್ಟಲು ನೋಡಿದರೆ ಬೆರಳ ಸಂದಿಯಿಂದ ಸೋರಿತು.

ಇದರ ಕಾರಣ ಸರಳವಾದದ್ದು. ಹಿಮದ ತಳದಲ್ಲಿ ಭೂಮಿ ಅಷ್ಟೇನೂ ತಣ್ಣಗಿರುವುದಿಲ್ಲ. ಸೊನ್ನೆ ಡಿಗ್ರಿಯ ಆಸುಪಾಸು ಇರುತ್ತದೆ. ಮೇಲಿನ ಗಾಳಿ ಅದಕ್ಕಿಂತ ಎಷ್ಟೋ ತಣ್ಣಗಿರುತ್ತದೆ. ನಡುವಿನ ಹಿಮದ ಪದರ ತೆಳುವಾಗಿದ್ದರೆ ಕೆಳಗಿನ ಆವಿ ವೇಗವಾಗಿ ಮೇಲೇರುತ್ತ ಹಿಮದ ಕಣಗಳನ್ನು ದಪ್ಪ ಹರಳುಗಳನ್ನಾಗಿ ಮಾರ್ಪಡಿಸುತ್ತದೆ. ಆ ಹರಳುಗಳಿಗೆ ಒಂದನ್ನೊಂದು ಹಿಡಿದುಕೊಳ್ಳುವ ಗುಣವಿಲ್ಲ. ಅನಂತರ ಹೊಸ ಹಿಮ ಬಿದ್ದು, ಗಾಳಿಗೆ ಬಿಗಿದು, ಅದರ ಮೇಲೊಂದು ಹಲಗೆಯಂತೆ ಕೂರುತ್ತದೆ. ನಮ್ಮ ಗೃಹಿಣಿಯರಿಗೆ ಇದನ್ನು ತಿಳಿಸುವುದು ಸುಲಭ. ಮೊರದಲ್ಲಿ ರಾಗಿಯನ್ನು ಹರಡಿ, ಮೇಲೊಂದು ದೊಡ್ಡ ಹಪ್ಪಳವನ್ನಿಟ್ಟು, ಮೊರವನ್ನು ಮೆಲ್ಲಗೆ ಓರೆಮಾಡಿ ನೋಡಿರಿ. ಒಂದು ಹಂತದವರೆಗೆ ಹಪ್ಪಳ ಅಲುಗದು. ಆಮೇಲೆ ಬೆರಳಿನಿಂದ ಮುಟ್ಟಿದರೆ ಸಾಕು, ರಾಗಿಯ ಮೇಲೆ ಹಪ್ಪಳ ಇಡಿಯಾಗಿ ಜಾರುತ್ತದೆ. ಬೆಟ್ಟದಲ್ಲಿ ಆ ಬೆರಳು ಯಾವುದು? ನಡೆಯುವ ಮನುಷ್ಯ. ಚಾರಣಿಗರು ಸಿಕ್ಕಿ ಸತ್ತ ಹಿಮಕುಸಿತಗಳಲ್ಲಿ ಹತ್ತರಲ್ಲಿ ಒಂಬತ್ತನ್ನು ಸತ್ತವರೋ ಅವರ ಜೊತೆಯವರೋ ತಮ್ಮ ಭಾರದಿಂದಲೇ ಕೆಡವಿದ್ದಾರೆಂದು ಬಲ್ಲವರು ಹೇಳುತ್ತಾರೆ.

ಅಂದವಾದ ಬೆಳಗು

ಎರಡನೆಯ ರಾತ್ರಿ ಗಾಳಿಯೆದ್ದಿತು. ಡೇರೆಯ ಬಟ್ಟೆ ಬಡಿದುಕೊಳ್ಳುವ ಸದ್ದಿಗೆ ಯಾರಿಗೂ ನಿದ್ರೆಯಿಲ್ಲ. ಮರುದಿನವೆಲ್ಲ ಹಿಮ ಬಿತ್ತು; ಡೇರೆಯೊಳಗೆ ಕುಳಿತು ಕಳೆದೆವು. ಅದರ ಮರುದಿನ ಎದ್ದು ನೋಡಿದರೆ ಆಕಾಶ ಕಡುನೀಲಿ! ಒಂದೂವರೆ ಅಡಿ ಹೊಸ ಹಿಮ ಕಣ್ಣು ಕೋರೈಸುವಂತೆ ಹೊಳೆಯುತ್ತಿತ್ತು. ದೂರದಲ್ಲಿ ಸ್ವರ್ಗಾರೋಹಿಣಿ ಈಗಷ್ಟೇ ತೊಳೆದಿಟ್ಟಂತಿತ್ತು. ಹುಡುಗರು ಕೂಗಿ ಕುಣಿದರು. 12,500 ಅಡಿಯ ಶಿಖರ ಕೈಗೆಟುಕುವಷ್ಟು ಹತ್ತಿರ ಕಾಣುತ್ತಿತ್ತು.

ಅಂಥ ಬೆಳಗೇ ಅತ್ಯಂತ ಅಪಾಯದ ಬೆಳಗು. ಬಿರುಗಾಳಿ ನಿಂತ ಮೊದಲ ದಿನ, ಹೊಸ ಭಾರಕ್ಕೆ ಹಳೆಯ ಹಿಮ ಇನ್ನೂ ಹೊಂದಿಕೊಂಡಿರುವುದಿಲ್ಲ. ಗಾಳಿ ಬೀಸುವ ಪಕ್ಕದ ಹಿಮವನ್ನೆಲ್ಲ ಹೊತ್ತು ತಂದು ಮರೆಯ ಪಕ್ಕದಲ್ಲಿ ಪೇರಿಸಿರುತ್ತದೆ. ಚಂಡೀಗಢದಲ್ಲಿರುವ ರಕ್ಷಣಾ ಸಂಶೋಧನಾ ಸಂಸ್ಥೆಯೊಂದು ಚಳಿಗಾಲದಲ್ಲಿ ಹಿಮಕುಸಿತದ ಮುನ್ಸೂಚನೆಯನ್ನು ಹೊರಡಿಸುತ್ತದೆ. 1969ರಲ್ಲಿ ಮನಾಲಿಯಲ್ಲಿ ಆರಂಭವಾದ ಹಿಮಾಧ್ಯಯನ ಸಂಸ್ಥೆಯನ್ನು 2020ರಲ್ಲಿ ಮತ್ತೊಂದು ಸಂಸ್ಥೆಯೊಡನೆ ಕೂಡಿಸಿ ಇದನ್ನು ರಚಿಸಿದರು. ಮುನ್ಸೂಚನೆಯಲ್ಲಿ ಅಪಾಯವನ್ನು ಐದು ಮೆಟ್ಟಿಲುಗಳಾಗಿ ವಿಂಗಡಿಸಿ ಜಿಲ್ಲೆಗಳ ಹೆಸರಿನೊಡನೆ ತಿಳಿಸುತ್ತಾರೆ. ಆದರೆ ಅದು ಇಡೀ ಜಿಲ್ಲೆಯ ಮಾತು. ನಿಮ್ಮ ಕಾಲ ಕೆಳಗಿನ ಓರೆಯ ಮಾತನ್ನು ಅದು ಹೇಳಲಾರದು. ಅದನ್ನು ಅಲ್ಲಿಯೇ ಅಗೆದು ನೋಡಬೇಕು.

ನಮ್ಮ ಮಾರ್ಗದರ್ಶಿ ಅಗೆದ. ಮರಗಳ ಎಲ್ಲೆ ಮುಗಿಯುವಲ್ಲಿ, ಸುರಕ್ಷಿತವಾದ ಪುಟ್ಟ ದಿಬ್ಬದ ಬದಿಯಲ್ಲಿ, ಸಲಿಕೆಯಿಂದ ನೆಲದವರೆಗೆ ಗುಂಡಿ ತೋಡಿ ಗೋಡೆಯನ್ನು ನುಣುಪು ಮಾಡಿದ. ಮೇಲಿನ ಪದರಕ್ಕೆ ನಾಲ್ಕು ಬೆರಳು ಒತ್ತಿದರೆ ಹೋಗುತ್ತಿದ್ದವು. ಅದರ ಕೆಳಗೆ ಒಂದೇ ಬೆರಳು ಹೋಗುವಷ್ಟು ಬಿಗಿ. ತಳದಲ್ಲಿ ಇಡೀ ಮುಷ್ಟಿಯೇ ಒಳಗೆ ಹೋಯಿತು! ಸಕ್ಕರೆಯ ಪದರ. ಆಮೇಲೆ ಸುತ್ತ ಕತ್ತರಿಸಿ ಒಂದು ಕಂಬದಂತೆ ಬಿಡಿಸಿ, ಅದರ ಮೇಲೆ ಸಲಿಕೆಯ ಎಲೆಯನ್ನಿಟ್ಟು ತಟ್ಟತೊಡಗಿದ. ಮಣಿಕಟ್ಟಿನಿಂದ ಹತ್ತು ಪೆಟ್ಟು, ಮೊಣಕೈಯಿಂದ ಹತ್ತು, ಭುಜದಿಂದ ಹತ್ತು, ಇದು ಕ್ರಮ. ಹನ್ನೆರಡನೆಯ ಪೆಟ್ಟಿಗೆ ಕಂಬದ ಮೇಲ್ಭಾಗ ಚಾಕುವಿನಿಂದ ಕೊಯ್ದಂತೆ ನೇರವಾಗಿ ಜಾರಿ ಅವನ ಮೊಣಕಾಲಿನ ಮೇಲೆ ಬಿತ್ತು. ಆತ ಸಲಿಕೆಯನ್ನು ಒರೆಸಿ ಮಡಿಚಿಟ್ಟ. ಮುಂದಿನ ತೆರೆದ ಓರೆಯನ್ನು ತಾನು ದಾಟಿಸುವುದಿಲ್ಲವೆಂದೂ, ಏಣಿನ ಮೇಲಿಂದ ಬಳಸಿ ಹೋಗಲು ಇನ್ನೊಂದು ದಿನ ಬೇಕೆಂದೂ ಹೇಳಿದ. ಆ ಒಂದು ದಿನ ನಮ್ಮ ಬಳಿ ಇರಲಿಲ್ಲ. ವಿಮಾನದ ಚೀಟಿಗಳು ಆಗಲೇ ಕೊಂಡದ್ದಾಗಿತ್ತು.

ನಾವು ಹೀಗೆ ನಿಂತಿರುವಾಗಲೇ ಇನ್ನೊಂದು ತಂಡ ನಮ್ಮನ್ನು ದಾಟಿ ಮೇಲೆ ಹೋಯಿತು. ಇರುವೆಯ ಸಾಲಿನಂತೆ ಇಪ್ಪತ್ತಕ್ಕೂ ಹೆಚ್ಚು ಮಂದಿ, ಒಬ್ಬರ ಹಿಂದೊಬ್ಬರು, ಆ ಓರೆಯನ್ನು ಅಡ್ಡಲಾಗಿ ದಾಟಿದರು. ಏನೂ ಆಗಲಿಲ್ಲ!

ನನ್ನ ಹುಡುಗನ ಮುಖ ಕೆಂಪಾಯಿತು. ಅವರ ಹೆಜ್ಜೆಯಲ್ಲಿಯೇ ಹೆಜ್ಜೆಯಿಟ್ಟು ನಾವೇ ಹೋಗೋಣ, ಮಾರ್ಗದರ್ಶಿ ಬೇಕಾದರೆ ಇಲ್ಲಿಯೇ ಇರಲಿ ಎಂದ. ಉಳಿದ ಮೂವರೂ ನನ್ನತ್ತ ನೋಡಿದರು. ಸುಳ್ಳೇಕೆ ಹೇಳಲಿ? ನನಗೂ ಹೋಗುವ ಆಸೆಯಿತ್ತು. ಊರಿನಲ್ಲಿ ಎಲ್ಲರಿಗೂ ಹೇಳಿ ಬಂದಿದ್ದೆ. ತಿಂಗಳುಗಟ್ಟಲೆ ವರ್ತೂರು ಕೆರೆಯ ಬಳಿ ಬೆಳಗಿನ ಜಾವ ಓಡಿದ್ದೆ. ಮಾರ್ಗದರ್ಶಿಯನ್ನು ಕೇಳಿದೆ: ಅವರು ದಾಟಿದರಲ್ಲ? ಆತ ಹಿಂದಿಯಲ್ಲಿ ಹೇಳಿದ ಮಾತಿನ ಭಾವ ಇಷ್ಟು: ಅವರು ದಾಟಿದ್ದರಿಂದ ಹಿಮ ಗಟ್ಟಿಯಾಗಿದೆಯೆಂದು ತಿಳಿಯುವುದಿಲ್ಲ, ಅವರ ಭಾರಕ್ಕೆ ಮುರಿಯಲಿಲ್ಲವೆಂದು ತಿಳಿಯುತ್ತದೆ ಅಷ್ಟೆ.

ಹದಿನೈದು ವರ್ಷ ಪಾಠ ಕಲಿತು, ಹತ್ತು ವರ್ಷ ಪಾಠ ಹೇಳಿದ ನನಗೆ ಈ ಮಾತು ಒಡನೆಯೇ ಹೊಕ್ಕಿತು. ಓದದೆ ಪರೀಕ್ಷೆಗೆ ಕುಳಿತು ಪಾಸಾದ ಹುಡುಗನನ್ನು ಬಲ್ಲೆವು. ಅವನು ಪಾಸಾದದ್ದೇ ಅವನ ದುರ್ದೈವ. ಮುಂದಿನ ವರ್ಷವೂ ಓದುವುದಿಲ್ಲ. ಹಿಮದ ಶಾಲೆಯಲ್ಲಿ ತಪ್ಪು ಉತ್ತರಕ್ಕೂ ಎಷ್ಟೋ ಸಲ ಪೂರ್ತಿ ಅಂಕ ಸಿಗುತ್ತದೆ. ನಪಾಸಾಗುವುದು ಒಂದೇ ಸಲ.

ಇನ್ನೊಂದು ಲೆಕ್ಕವೂ ಮನಸ್ಸಿಗೆ ಬಂತು. ಹಿಮದಲ್ಲಿ ಹೂತವನನ್ನು ಮೊದಲ ಹತ್ತು ನಿಮಿಷಗಳಲ್ಲಿ ತೆಗೆದರೆ ಹತ್ತರಲ್ಲಿ ಒಂಬತ್ತು ಪಾಲು ಬದುಕುತ್ತಾನೆ. ಅರ್ಧ ಗಂಟೆ ದಾಟಿದರೆ ಮೂವರಲ್ಲಿ ಒಬ್ಬ ಉಳಿಯುವುದೂ ಕಷ್ಟ. ಆದ್ದರಿಂದಲೇ ಯೂರೋಪಿನಲ್ಲಿ ಚಳಿಗಾಲದ ಬೆಟ್ಟಕ್ಕೆ ಹೋಗುವವರು ಒಬ್ಬೊಬ್ಬರೂ ಮೂರು ವಸ್ತುಗಳನ್ನು ಒಯ್ಯುತ್ತಾರೆ: ಹೂತವನ ಎದೆಯಿಂದ ಸಂಕೇತ ಕಳಿಸುವ ಪುಟ್ಟ ರೇಡಿಯೋ ಯಂತ್ರ, ಆಳ ನೋಡುವ ಉದ್ದನೆಯ ಸರಳು, ಸಲಿಕೆ. ನಮ್ಮ ತಂಡದಲ್ಲಿ ಸಲಿಕೆ ಒಂದಿತ್ತು. ಯಂತ್ರ ಯಾರಲ್ಲಿಯೂ ಇರಲಿಲ್ಲ. ಓಡಿಹೋಗಿ ಸಹಾಯ ಕರೆತರಲು ಗಂಟೆಗಳೇ ಬೇಕು. ಹನುಮಂತಪ್ಪನವರು ಆರು ದಿನ ಉಳಿದದ್ದು ಪವಾಡ. ಪವಾಡವನ್ನು ಲೆಕ್ಕಕ್ಕೆ ಹಿಡಿದು ಯಾರೂ ಹೆಜ್ಜೆಯಿಡಬಾರದು. ಅವರ ಜೊತೆಗಿದ್ದ ಒಂಬತ್ತು ಮಂದಿಗೆ ಆ ಪವಾಡ ನಡೆಯಲಿಲ್ಲ.

“ಹಿಂದಿರುಗೋಣ,” ಎಂದೆ.

ಹುಡುಗ ಮಾತನಾಡಲಿಲ್ಲ. ಫೋನನ್ನು ಕೈಯಲ್ಲಿ ಹಿಡಿದು ಆ ಓರೆಯನ್ನೇ ಒಂದು ನಿಮಿಷ ನೋಡುತ್ತ ನಿಂತ. ಆಮೇಲೆ ನಮ್ಮೆಲ್ಲರಿಗಿಂತ ಮುಂದಾಗಿ ಕೆಳಗಿಳಿಯತೊಡಗಿದ.

ಹಿಂದಿರುಗಿದ ಮೇಲೆ

ಮಹಾಪ್ರಸ್ಥಾನದಲ್ಲಿ ದ್ರೌಪದಿ, ಸಹದೇವ, ನಕುಲ, ಅರ್ಜುನ, ಭೀಮ ಒಬ್ಬೊಬ್ಬರಾಗಿ ಬಿದ್ದರೂ ಧರ್ಮರಾಯ ಹಿಂದಿರುಗಿ ನೋಡದೆ ನಡೆದನಂತೆ. ಅದು ಸ್ವರ್ಗಕ್ಕೆ ಹೋಗುವವರ ನೀತಿ. ವೈಟ್‌ಫೀಲ್ಡಿಗೆ ಮರಳಬೇಕಾದವರು ಹಿಂದಿರುಗಿ ನೋಡಬೇಕು, ಜೊತೆಯವರನ್ನು ಎಣಿಸಬೇಕು.

ಪ್ರಯಾಣವಿಡೀ ಅವನು ನನ್ನೊಡನೆ ಎರಡೇ ಮಾತಿನಲ್ಲಿ ಉತ್ತರಿಸಿದ. ಆ ಇನ್ನೊಂದು ತಂಡದವರು ಶಿಖರದ ಮೇಲೆ ತೆಗೆದ ಚಿತ್ರಗಳು ಅಂದೇ ರಾತ್ರಿ ಸಾಂಕ್ರಿಯಲ್ಲಿ ಎಲ್ಲರ ಕೈಯಲ್ಲಿದ್ದವು. ಮೆಜೆಸ್ಟಿಕ್ಕಿನಿಂದ ಕಾಡುಗೋಡಿಯವರೆಗೆ ಮೆಟ್ರೋ ರೈಲಿನಲ್ಲಿ ಎದುರೆದುರು ಕುಳಿತು ಬಂದೆವು. ಆತ ಕಿಟಕಿಯ ಹೊರಗೆ ನೋಡುತ್ತಿದ್ದ, ಹಿಂದೆ ನನ್ನ ತರಗತಿಯಲ್ಲಿ ನೋಡುತ್ತಿದ್ದಂತೆಯೇ. ನಾನು ಮಾಡಿದ್ದು ಸರಿಯೋ, ಬರಿಯ ಅಂಜುಬುರುಕುತನವೋ ಎಂದು ನನಗೇ ಸಂದೇಹವಾಗುತ್ತಿತ್ತು. ಆ ಓರೆ ಅಂದು ಜಾರಲಿಲ್ಲ. ಮರುದಿನವೂ ಜಾರಿದ ಸುದ್ದಿಯಿಲ್ಲ. ದಾಟದೆ ಬಂದವನಿಗೆ ತಾನು ಸರಿಯೆಂದು ಹೇಳುವ ಪ್ರಮಾಣಪತ್ರವನ್ನು ಯಾವ ಬೆಟ್ಟವೂ ಕೊಡುವುದಿಲ್ಲ.

ಮೂರು ವಾರ ಕಳೆದು ಒಂದು ಭಾನುವಾರ ಸಂಜೆ ಆತ ಮನೆಗೆ ಬಂದ. ಒಳಗೆ ಬಾರದೆ ಮೆಟ್ಟಿಲಿನ ಮೇಲೆಯೇ ಕುಳಿತ. ನಾನೂ ಪಕ್ಕದಲ್ಲಿ ಕುಳಿತೆ. ಸ್ವಲ್ಪ ಹೊತ್ತಾದ ಮೇಲೆ ಫೋನನ್ನು ಮೆಟ್ಟಿಲುಸಾಲಿನ ಕೈಪಿಡಿಯ ಮೇಲೆ ಓರೆಯಾಗಿ ಇಟ್ಟು ನೋಡಿದ.

“35,” ಎಂದ. ಆಮೇಲೆ, “ಅವತ್ತು ಅಲ್ಲಿಯೂ ಅಳೆದಿದ್ದೆ ಸಾರ್. 37 ಬಂದಿತ್ತು. ನಿಮಗೆ ಹೇಳಲಿಲ್ಲ.”

ಏಕೆ ಹೇಳಲಿಲ್ಲವೆಂದು ನಾನು ಕೇಳಲಿಲ್ಲ. ಹೇಳಿದ್ದರೆ ತಾನೂ ಹಿಂದಿರುಗಬೇಕಾಗುತ್ತಿತ್ತೆಂಬುದು ಇಬ್ಬರಿಗೂ ತಿಳಿದಿತ್ತು. ಬರುವ ಚಳಿಗಾಲಕ್ಕೆ ಮತ್ತೆ ಹೋಗೋಣ, ಆದರೆ ಎರಡು ದಿನ ಹೆಚ್ಚಿಗೆ ರಜೆ ಹಾಕಿಕೊಂಡು, ಯಂತ್ರಗಳನ್ನು ಬಾಡಿಗೆಗೆ ತೆಗೆದುಕೊಂಡು, ಅವುಗಳ ಬಳಕೆಯನ್ನು ಇಲ್ಲಿಯೇ ಮೈದಾನದಲ್ಲಿ ಕಲಿತುಕೊಂಡು ಹೋಗೋಣ ಎಂದ. ಹಾಗೆಯೇ ಆಗಲಿ ಎಂದೆ.

ಒಳಗಿನಿಂದ ನನ್ನ ಪತ್ನಿ ಕಾಫಿಗೆ ಕರೆದಳು. ಎದ್ದು ಹೋಗುವಾಗ, ಅವನ ತಾಯಿ ಅಂದು ಬಾಗಿಲ ಬಳಿ ನಿಂತು ಆಡಿದ ಮಾತು ನೆನಪಾಯಿತು. ಅವನು ನನ್ನ ಮಾತು ಕೇಳಿದನೋ ಇಲ್ಲವೋ ಇಂದಿಗೂ ಹೇಳಲಾರೆ. ಆ ಇಳಿಜಾರಿನ ಮಾತನ್ನಂತೂ ಕೇಳಿದ್ದ.